ಒರೆಸುವ ಬಟ್ಟೆ ಯಾರ ಹೊಣೆ?

1994ರ ಸೆಪ್ಟೆಂಬರಿನಲ್ಲಿ ಪ್ಲೇಗಿಗೆ ಹೆದರಿ ಲಕ್ಷಾಂತರ ಜನ ಸೂರತ್ ಬಿಟ್ಟರು. ಮರುವರ್ಷ ಮಹಾನಗರಪಾಲಿಕೆಯ ಕಮಿಷನರಾಗಿ ಬಂದ ಎಸ್. ಆರ್. ರಾವ್ ಅವರು ಕೊಳಕು ಹೋಟೆಲುಗಳ ಮೇಲೂ ಕ್ರಮ ಕೈಗೊಂಡರು. ಒಳ್ಳೆಯದೇ ಆಯಿತು. ಆದರೆ ಹೋಟೆಲಿನ ಒಳಗಿನ ಮಾತೊಂದಿದೆ.

ನಾನೂ ಮೇಜು ಒರೆಸಿ ಬೆಳೆದವನು. ಮೇಜಿಗೂ ತಟ್ಟೆಗೂ ಒಂದೇ ಬಟ್ಟೆ. ಸಂಜೆಗೆ ಅದರ ನಾತ ನನಗೇ ತಡೆಯುತ್ತಿರಲಿಲ್ಲ. ಗಿರಾಕಿ ಬೈದದ್ದು ನನ್ನನ್ನು, ಗಲ್ಲಾದಲ್ಲಿ ಕುಳಿತವರನ್ನಲ್ಲ.

ಟೈಫಾಯಿಡ್, ಕಾಲರಾ, ಆಮಶಂಕೆಯ ರೋಗಾಣುಗಳು ಕೈಯಿಂದ, ನೀರಿನಿಂದ ಅನ್ನಕ್ಕೆ ಸೇರುತ್ತವೆ. ಪಾಯಿಖಾನೆಗೆ ಹೋಗಿ ಬಂದು ಸೋಪು ಹಚ್ಚಿ ಕೈ ತೊಳೆಯುವುದು ನಮ್ಮ ಹೊಣೆ. ಸೋಪು, ನಲ್ಲಿ ನೀರು, ಒಗೆದ ಬಟ್ಟೆ ಒದಗಿಸತಕ್ಕವರು ಮಾಲೀಕರು. ಭೇದಿ ಹತ್ತಿದ ಹುಡುಗನಿಗೆ ಸಂಬಳ ಹಿಡಿಯದೆ ರಜೆಯನ್ನೂ ಕೊಡತಕ್ಕದ್ದು. ಕೊಡದಿದ್ದರೆ ಅವನು ಹೊಟ್ಟೆ ಹಿಡಿದುಕೊಂಡೇ ಇಡ್ಲಿ ಬಡಿಸುತ್ತಾನೆ, ಬೇರೇನು ಮಾಡಿಯಾನು?

ಹಜೀರಾದ ಕಾರ್ಖಾನೆಗಳಿಂದ ಊಟಕ್ಕೆ ಬರುವ ಬಂಧುಗಳೇ, ಲೋಟ ಕೊಳಕಾಗಿದ್ದರೆ ಮಾಣಿಯನ್ನು ಗದರಿಸಬೇಡಿ. ನೇರ ಗಲ್ಲಾದ ಬಳಿಗೇ ಹೋಗಿ ಕೇಳಿ.