ವಿಟೆನ್‌ಬರ್ಗ್ ಚರ್ಚಿನ ಗೋಡೆಯಿಂದ ಆ ಶಿಲ್ಪ ಇಳಿಯಲಿ!

ಜರ್ಮನಿಯಲ್ಲಿ ಓದುತ್ತಿರುವ, ದುಡಿಯುತ್ತಿರುವ ಕನ್ನಡ ಬಂಧುಗಳೇ,

ಅಕ್ಟೋಬರ್ 31ರ ರಜೆಗೆ ವಿಟೆನ್‌ಬರ್ಗ್ ನೋಡಲು ಹೊರಟಿದ್ದೀರಾ? 1517ರಲ್ಲಿ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ತನ್ನ 95 ವಾದಗಳನ್ನು ಮುಂದಿಟ್ಟ ಊರದು. ಅರಮನೆ ಚರ್ಚಿನ ಬಾಗಿಲಲ್ಲಿ ಫೋಟೊ ತೆಗೆಸಿಕೊಂಡು ಹಾಗೇ ವಾಪಸಾಗಬೇಡಿ. ಲೂಥರ್ ಉಪದೇಶ ಮಾಡುತ್ತಿದ್ದ ಊರ ಚರ್ಚಿಗೂ ಹೋಗಿ. ಒಳಗಿನ, ಚಿತ್ರಕಾರ ಕ್ರಾನಾಕ್‌ನ ಚಿತ್ರಗಳಿಗೆ ಮುಂಚೆ ಹೊರಗೋಡೆಯ ಆಗ್ನೇಯ ಮೂಲೆಯಲ್ಲಿ ತಲೆ ಎತ್ತಿ ನೋಡಿ.

ಅಲ್ಲೊಂದು ಕಲ್ಲಿನ ಹೆಣ್ಣು ಹಂದಿ. ಯಹೂದಿಗಳು ಅದರ ಮೊಲೆಗೆ ಬಾಯಿಟ್ಟಿದ್ದಾರೆ. ಅವರ ಧರ್ಮಗುರು ಅದರ ಬಾಲ ಎತ್ತಿ ಒಳಗೆ ಇಣುಕುತ್ತಿದ್ದಾನೆ. ಹಂದಿಯನ್ನು ಅಶುದ್ಧವೆಂದು ದೂರವಿಟ್ಟ ಜನರನ್ನು ಹೀಗೆ ಕೆತ್ತಿದ್ದು 13ನೇ ಶತಮಾನದಲ್ಲಿ, ಲೂಥರ್ ಹುಟ್ಟುವ ಮೊದಲು. ಹಾಗೆಂದು ಲೂಥರನ ಅನುಯಾಯಿಗಳು ಕೈತೊಳೆದುಕೊಳ್ಳುವಂತಿಲ್ಲ. ಆ ಗುರು ಅಲ್ಲಿ ಯಹೂದಿ ಧರ್ಮಗ್ರಂಥ ತಾಲ್ಮುದ್ ಓದುತ್ತಿದ್ದಾನೆಂದು 1543ರ ಪುಸ್ತಕವೊಂದರಲ್ಲಿ ಹೀಯಾಳಿಸಿ ಬರೆದವನು ಲೂಥರನೇ. 1570ರಲ್ಲಿ ಅವನ ಆ ಪುಸ್ತಕದ ಹೆಸರನ್ನೇ ಹಂದಿಯ ಮೇಲೆ ಬರೆಸಿದರು. ಅದು ಯಹೂದಿಗಳು ಬಾಯಿಬಿಟ್ಟು ಉಚ್ಚರಿಸದ ದೇವರ ನಾಮವನ್ನು ಸೂಚಿಸುವ ಮಾತು!

ಅದೇ 1543ರ ಇನ್ನೊಂದು ಪುಸ್ತಕದಲ್ಲಿ ಲೂಥರ್ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಸುಡಿ, ಅವರ ಮನೆಗಳನ್ನು ಕೆಡವಿ, ಪ್ರಾರ್ಥನಾ ಪುಸ್ತಕಗಳನ್ನು ಕಿತ್ತುಕೊಳ್ಳಿ ಎಂದ. 1938ರ ನವೆಂಬರಿನಲ್ಲಿ ನಾಜಿಗಳು ಸಿನಗಾಗ್‌ಗಳನ್ನು ಸುಟ್ಟರು. ಥುರಿಂಗಿಯಾದ ಲೂಥರನ್ ಬಿಷಪ್ ಮಾರ್ಟಿನ್ ಸಾಸೆ ಲೂಥರನ ಆ ಮಾತುಗಳನ್ನು ಹೆಮ್ಮೆಯಿಂದ ಕಿರುಹೊತ್ತಗೆ ಮಾಡಿ ಹಂಚಿದ.

1988ರಲ್ಲಿ ಶಿಲ್ಪದ ಕೆಳಗೆ ನೆಲದಲ್ಲೊಂದು ಸ್ಮಾರಕ ಫಲಕ ಹಾಕಿದ್ದಾರೆ, ನಿಜ. ಅದೂ ವಿವರಣೆಯ ಬೋರ್ಡೂ ಇರುವುದರಿಂದ ಶಿಲ್ಪ ಈಗ ಅವಮಾನವಲ್ಲ, ಎಚ್ಚರಿಕೆಯ ಸ್ಮಾರಕ ಎಂದು 2022ರ ಜೂನಿನಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ನಾವು ಒಪ್ಪುವುದಿಲ್ಲ. ಕ್ಷಮೆ ಕಾಲ ಕೆಳಗೆ, ಬೈಗುಳ ನೆತ್ತಿಯ ಮೇಲೆ! ತಜ್ಞರ ಸಮಿತಿಯೂ ಶಿಲ್ಪವನ್ನು ಇಳಿಸಿ ಎಂದಿತು. ಚರ್ಚಿನ ಆಡಳಿತ ಮಂಡಳಿ ಕೇಳಲಿಲ್ಲ.

‘ನಮಗೇಕೆ ಈ ಉಸಾಬರಿ’ ಎನ್ನಬೇಡಿ. ಇಲ್ಲಿ ತೆರಿಗೆ ಕಟ್ಟುತ್ತೇವೆ, ನಮ್ಮ ಮಕ್ಕಳು ಇಲ್ಲಿನ ಶಾಲೆಗೆ ಹೋಗುತ್ತಾರೆ. ನಾಳೆ ಅದೇ ಗೋಡೆಯ ಕೆಳಗೆ ಅವರೂ ನಿಲ್ಲುತ್ತಾರೆ.

ಶಿಲ್ಪವನ್ನು ಒಡೆಯಿರಿ ಎಂದು ನಾವು ಹೇಳುತ್ತಿಲ್ಲ. ಕೆಳಗಿಳಿಸಿ, ಪಕ್ಕದಲ್ಲೇ ಒಂದು ಕೋಣೆಯಲ್ಲಿ 1543, 1570, 1938ರ ಕಥೆಯೊಂದಿಗೆ ಪ್ರದರ್ಶನಕ್ಕಿಡಲಿ. ಹೋದವರು ಗೈಡನ್ನು ಕೇಳಿ, ಜೊತೆಯಲ್ಲಿದ್ದವರಿಗೆ ತೋರಿಸಿ. ಚರ್ಚಿನ ಮಂಡಳಿಗೆ ನಿಮ್ಮ ಹೆಸರು, ಊರು ಹಾಕಿ ಒಂದು ಪತ್ರ ಬರೆಯಿರಿ. ಜರ್ಮನ್ ಬಾರದಿದ್ದರೆ ಇಂಗ್ಲಿಷಿನಲ್ಲಾದರೂ ಸರಿ, ಈ ವಾರವೇ ಬರೆಯಿರಿ.

— ಜರ್ಮನಿಯಲ್ಲಿ ನೆಲೆಸಿರುವ ಕೆಲವು ಕನ್ನಡಿಗರು