ಕಾರ್ಡಿನ ಮೇಲೆ ‘ಅಡ್ವೈಸರ್’

ಮೊನ್ನೆ ಬೀರು ಖಾಲಿ ಮಾಡ್ತಿದ್ದಾಗ ನನ್ನ ಹಳೇ ವಿಸಿಟಿಂಗ್ ಕಾರ್ಡಿನ ಕಟ್ಟು ಸಿಕ್ತು. ಹೆಸರಿನ ಕೆಳಗೆ ‘ಫೈನಾನ್ಶಿಯಲ್ ಅಡ್ವೈಸರ್’. ಬಿಸಾಡಲಾ ಅಂತ ಹೆಂಡತಿ ಕೇಳಿದ್ಲು. ಸ್ವಲ್ಪ ತಾಳು ಅಂದೆ.

ಕುಂದಾಪುರದ ಕಡೆಯಿಂದ ನಾನು ಮುಂಬೈಗೆ ಬಂದದ್ದು 1993ರಲ್ಲಿ. ಊರವರ ಹೋಟೆಲ್ ಗಲ್ಲಾದಲ್ಲಿ ಒಂದು ವರ್ಷ ಕೂತು, ಆಮೇಲೆ ಫೋರ್ಟಿನ ಬ್ರೋಕರ್ ಆಫೀಸು ಸೇರಿದೆ. ಆಗ ಶೇರು ಅಂದ್ರೆ ಕಾಗದ. ಮಾರಿದವನ ಸಹಿ ಕಂಪನಿಯಲ್ಲಿದ್ದ ಸಹಿಗೆ ತಾಳೆಯಾಗದಿದ್ರೆ ‘ಬ್ಯಾಡ್ ಡೆಲಿವರಿ’ ಅಂತ ಕಟ್ಟು ವಾಪಸ್! ಎಣಿಸೋದು, ಸ್ಟ್ಯಾಂಪ್ ಹಚ್ಚೋದು, ವಾಪಸ್ ಬಂದದ್ದನ್ನು ಹೊತ್ತು ಓಡೋದು... ಅದೇ ನನ್ನ ಕೆಲಸ. 1996ರಲ್ಲಿ ಡಿಮ್ಯಾಟ್ ಬಂದ ಮೇಲೆ ಕಟ್ಟುಗಳು ನಿಧಾನಕ್ಕೆ ಮಾಯವಾದವು. ಆದ್ರೆ ಆ ಕೆಲಸದಲ್ಲಿ ತಪ್ಪು ಮಾಡಿದ್ರೆ ಸಂಜೆಯೊಳಗೆ ಗೊತ್ತಾಗ್ತಿತ್ತು.

2006ರಲ್ಲಿ ಬೇರೆ ಕಂಪನಿ. ಮೊದಲು ಫಾರ್ಮು ತುಂಬಿಸೋದು, ಫೋನು ಎತ್ತೋದು. ಕನ್ನಡ, ತುಳು, ಮರಾಠಿ ಬರುತ್ತೆ ಅಂತ ಗೊತ್ತಾದ ಮೇಲೆ ಈ ಕಾರ್ಡು ಕೊಟ್ರು. ‘ನಿಮ್ಮವರು ಡೊಂಬಿವಲಿಯಲ್ಲಿ ತುಂಬಾ ಇದ್ದಾರಲ್ಲ’ ಅಂದ್ರು ಸಾಹೇಬ್ರು.

ಇದ್ರು. ಅವರಲ್ಲೊಬ್ಬರು ಮುನಿಸಿಪಾಲಿಟಿಯ ಕನ್ನಡ ಶಾಲೆಯಿಂದ ನಿವೃತ್ತರಾದ ಮಾಷ್ಟ್ರು. 2007ರ ಕೊನೆಯಲ್ಲಿ ಎಫ್‌ಡಿ ಮಾಡಬೇಕು ಅಂತ ಕರೆದಿದ್ರು. ನಮಗೆ ಆ ತಿಂಗಳ ಟಾರ್ಗೆಟ್ಟು ಯೂಲಿಪ್. ‘ಮೂರು ವರ್ಷ ಕಟ್ಟಿ ಸಾಕು ಮಾಷ್ಟ್ರೇ’ ಅಂದೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿದ್ರು. ಒಂದು ಲಕ್ಷ. ಆ ತಿಂಗಳ ಇನ್ಸೆಂಟಿವ್‌ನಲ್ಲಿ ನಮ್ಮನೆಗೆ ಮಿಕ್ಸರ್ ಬಂತು.

2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 9,000ದ ಕೆಳಗೆ ಬಿತ್ತು. ಹೆಂಡತಿಯ ಆಪರೇಶನ್ನಿಗೆ ದುಡ್ಡು ಬೇಕು ಅಂತ ಮಾಷ್ಟ್ರು ಫೋನ್ ಮಾಡಿದ್ರು. ತೆಗೆಯೋ ಹಾಗಿರಲಿಲ್ಲ, ಮೂರು ವರ್ಷದ ಬೀಗ. ಎರಡನೇ ಕಂತು ಕಟ್ಟಲಿಲ್ಲ, ಪಾಲಿಸಿ ಬಿದ್ದುಹೋಯ್ತು. 2010ರ ಕೊನೆಗೆ ಕೈಗೆ ಬಂದದ್ದು ಅರ್ಧದಷ್ಟು. ಅಷ್ಟೊತ್ತಿಗೆ ಸೆನ್ಸೆಕ್ಸ್ ಹಳೇ ಎತ್ತರಕ್ಕೆ ಮರಳಿತ್ತು, ಅದರ ಮೇಲೆ ತಪ್ಪು ಹೊರಿಸೋಕೂ ಆಗಲಿಲ್ಲ. ತಿಂದದ್ದು ಚಾರ್ಜುಗಳು. ಮಾಷ್ಟ್ರು ಬೈಯಲಿಲ್ಲ. ‘ನೀನು ಹೇಳಿದ್ದಲ್ವಾ ಮಾರಾಯ, ಅದಕ್ಕೆ ಹಾಕಿದೆ’ ಅಂದ್ರು, ಅಷ್ಟೇ.

2009ರ ಆಗಸ್ಟಿನಲ್ಲಿ ಸೆಬಿ ಮ್ಯೂಚುವಲ್ ಫಂಡಿನ ಎಂಟ್ರಿ ಲೋಡ್ ತೆಗೆದಾಗ ‘ಹೊಟ್ಟೆ ಮೇಲೆ ಹೊಡೆದ್ರು’ ಅಂತ ಕೂಗಿದವರಲ್ಲಿ ನಾನೂ ಒಬ್ಬ. ನಾಚಿಕೆಯಾಗುತ್ತೆ ಈಗ. 2013ರಲ್ಲಿ ಸಲಹೆಗಾರರಿಗೆ ನೋಂದಣಿ ಬಂತು. ಕಮಿಷನ್ ಮೇಲೆ ಫಂಡ್ ಮಾರುವವರು ನೋಂದಣಿಯಿಲ್ಲದೆ ‘ಅಡ್ವೈಸರ್’ ಅಂತ ಬರೆದುಕೊಳ್ಳಬಾರದು ಅಂತ 2020ರಲ್ಲಿ ನಿಯಮವಾಯ್ತು. ಸರಿಯಾಗೇ ಇದೆ. ಮಾರುವವನು ಮಾರುವವನು ಅಂತಲೇ ಹೇಳಿಕೊಳ್ಳಲಿ.

ಆದ್ರೆ ಬರೀ ಡೆಸ್ಕಿನ ಹುಡುಗರನ್ನು ಬೈಯೋದು ನನಗೆ ಒಪ್ಪಿಗೆಯಿಲ್ಲ. ಟಾರ್ಗೆಟ್ಟು ಮೇಲಿನಿಂದ ಬರುತ್ತೆ, ಫೋನು ಎತ್ತಿ ಬೈಸಿಕೊಳ್ಳೋದು ಕೆಳಗಿನವರು. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನು 2013ರಿಂದಲೇ ಇದೆ, ನಿಜ. ಎಪ್ಪತ್ತು ದಾಟಿದ ವಿಧವೆಯ ಮನೆಗೆ ಹೋಗಿ ನಾಮಿನಿ ಫಾರ್ಮು ತುಂಬಿಸಿ, ಬ್ಯಾಂಕಿಗೆ ಎರಡು ಸಲ ಅಲೆಯೋರು ಯಾರು? ಅದೂ ಕೆಲಸವೇ, ಅದಕ್ಕೆ ಕೂಲಿ ಸಿಗಬೇಕು. ನಮ್ಮವರಿಗೆ ಎರಡು ಸಾವಿರ ಫೀಸು ಅಂದ್ರೆ ಕಣ್ಣು ಕೆಂಪಾಗುತ್ತೆ, ಕಾಣದ ಹಾಗೆ ಇಪ್ಪತ್ತು ಸಾವಿರ ಹೋದ್ರೆ ತೊಂದರೆಯಿಲ್ಲ! ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುವವರು, ಊರಿನವನು ಅನ್ನೋ ದಾಕ್ಷಿಣ್ಯಕ್ಕೆ ‘ಇದರಲ್ಲಿ ನಿನಗೆಷ್ಟು ಬರುತ್ತೆ?’ ಅಂತ ಕೇಳೋಲ್ಲ. ಮಾಷ್ಟ್ರು ಕೇಳಿದ್ದಿದ್ರೆ ನಾನು ಸುಳ್ಳು ಹೇಳ್ತಿದ್ನೋ ಏನೋ, ಆದ್ರೆ ಬಾಯಿ ತಡವರಿಸ್ತಿತ್ತು.

ಕಾರ್ಡುಗಳನ್ನು ಬಿಸಾಡಿಲ್ಲ. ಹಿಂಭಾಗ ಖಾಲಿಯಿದೆ, ಹೆಂಡತಿ ದಿನಸಿ ಪಟ್ಟಿ ಬರೀತಾಳೆ. ಮಿಕ್ಸರ್ ಮಾತ್ರ ಇನ್ನೂ ಓಡ್ತಾ ಇದೆ.