ಕಣ್ಣು ಕೆಂಪಾದ ಮಗುವನ್ನ ದೂರ ಕೂರಿಸಬೇಡಿ



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಾಲೆ, ಹಾಸ್ಟೆಲ್‌ಗಳ ಬಗ್ಗೆ ಒಂದು ಮಾತು ಹೇಳಬೇಕಿದೆ.

ಹುಣಸೆಹಣ್ಣು ಬಡಿಯೋ ಕಾಲ ಕಳೆದು ಬಿಸಿಲು, ದೂಳು ಏರ್ತಿದ್ದಂಗೆ ಕೆಲವು ಮಕ್ಕಳು ಎರಡೂ ಕಣ್ಣು ಉಜ್ಜಿಕೊಳ್ಳೋಕೆ ಶುರು ಮಾಡ್ತಾರೆ. "ಮದ್ರಾಸ್ ಐ, ದೂರ ಕೂತ್ಕೋ" ಅಂತಾರೆ. ಮಗು ನಮ್ಮ ಕೇರಿಯದಾದ್ರೆ "ಮುಖ ತೊಳೆಯಲ್ವಾ?" ಅನ್ನೋದೂ ಸೇರುತ್ತೆ. ದೂರ ಕೂರಿಸೋದು ಅಂದ್ರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ನಾನು ಡಾಕ್ಟರ್ ಅಲ್ಲ, ಆಫೀಸಲ್ಲಿ ಫೈಲ್ ನೋಡೋ ಗುಮಾಸ್ತ. ಆದ್ರೆ ಇಷ್ಟು ಗುರುತು ಹಿಡಿಯೋಕೆ ಡಾಕ್ಟರೇ ಆಗಬೇಕಿಲ್ಲ. ಮದ್ರಾಸ್ ಐ ದಿಢೀರನೆ ಬಂದು, ಮನೆಮಂದಿಗೆಲ್ಲ ಹರಡಿ, ಒಂದೆರಡು ವಾರದಲ್ಲಿ ಹೋಗುತ್ತೆ. ಅಲರ್ಜಿ ಹಂಗಲ್ಲ. ಪ್ರತಿ ವರ್ಷ ಅದೇ ತಿಂಗಳಿಗೆ ಬರುತ್ತೆ. ತಡೆಯಲಾರದ ತುರಿಕೆ, ದಾರದಂಗೆ ಎಳೆಯೋ ಬಿಳಿ ಪಿಸುರು, ಬೆಳಕು ಕಂಡ್ರೆ ಕಣ್ಣು ಮುಚ್ಚೋದು. ಗಂಡುಮಕ್ಕಳಲ್ಲಿ ಹೆಚ್ಚು. ಕಣ್ಣಿನ ಬಿಳಿಭಾಗ ಮಾಸಲು ಕಂದಾಗುತ್ತೆ. ಅದು ಕೊಳೆಯಲ್ಲ, ಎಷ್ಟು ತೊಳೆದ್ರೂ ಹೋಗಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ. ವೈದ್ಯರು ಇದನ್ನ ವರ್ನಲ್ ಕೆರಟೋಕಂಜಂಕ್ಟಿವೈಟಿಸ್ ಅಂತಾರೆ. ಬಹುಪಾಲು ಮಕ್ಕಳಿಗೆ ಹರೆಯ ದಾಟೋ ಹೊತ್ತಿಗೆ ತಗ್ಗುತ್ತೆ.

ಅಪಾಯ ಇರೋದು ಮೆಡಿಕಲ್ ಸ್ಟೋರಿನ ಕೌಂಟರಲ್ಲಿ. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗೋಕಾಗದ ತಾಯಿ ಅಲ್ಲೇ ಒಂದು ಡ್ರಾಪ್ಸ್ ಕೇಳ್ತಾಳೆ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್ ಥರದ ಸ್ಟೀರಾಯ್ಡ್ ಬಿಟ್ಟ ಎರಡೇ ದಿನಕ್ಕೆ ಕೆಂಪು ಹೋಗಬಹುದು. ಆಮೇಲೆ ಪ್ರತಿ ಸೀಸನ್‌ಗೂ ಅದೇ ಬಾಟ್ಲಿ. ತಿಂಗಳುಗಟ್ಟಲೆ ಹಾಕಿದ್ರೆ ಕಣ್ಣಿನ ಒಳಗಿನ ಒತ್ತಡ ಸದ್ದಿಲ್ಲದೆ ಏರಿ ಗ್ಲಾಕೋಮಾ ಆಗಬಹುದು. ಹಂಗೆ ಹೋದ ದೃಷ್ಟಿ ವಾಪಸ್ ಬರಲ್ಲ. ಪೊರೆಯೂ ಬರಬಹುದು. ಸ್ಟೀರಾಯ್ಡ್ ಬೇಡವೇ ಬೇಡ ಅಂತಲ್ಲ, ಕಣ್ಣಿನ ಡಾಕ್ಟರೇ ಬರೆದು, ಒತ್ತಡ ನೋಡ್ತಾ, ಕಡಿಮೆ ದಿನ ಕೊಡಬೇಕು. ಎದೆಹಾಲು, ಹರಳೆಣ್ಣೆ ಬಿಡೋದೂ ನಿಲ್ಲಲಿ. ತಣ್ಣೀರು ಬಟ್ಟೆ, ಟೋಪಿ, ಓಲೋಪಟಡಿನ್ ಥರದ ಅಲರ್ಜಿ ಡ್ರಾಪ್ಸ್ ಅನೇಕರಿಗೆ ಸಾಕಾಗುತ್ತೆ. ಉಜ್ಜೋದು ಬಿಡಿಸಬೇಕು; ಉಜ್ಜಿ ಉಜ್ಜಿ ಕರಿಗುಡ್ಡೆಯ ಆಕಾರವೇ ಕೆಡಬಹುದು.

ಇನ್ನು ಸರ್ಕಾರ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ವರ್ಷಕ್ಕೊಮ್ಮೆ ಬರಬೇಕು. ಡಿಸೆಂಬರಲ್ಲಿ ಬಂದ್ರೆ ಈ ಮಗುವಿನ ಕಣ್ಣು ಚೆನ್ನಾಗೇ ಇರುತ್ತೆ, "ನಾರ್ಮಲ್" ಅಂತ ಬರೆದು ಹೋಗ್ತಾರೆ! ಹಾಗಾಗಿ ನಮ್ಮ ಬೇಡಿಕೆ ಎರಡು. ಫೆಬ್ರವರಿ, ಮಾರ್ಚಲ್ಲಿ ತಂಡ ಹಾಸ್ಟೆಲ್‌ಗಳಿಗೂ ಬರಲಿ. ವರ್ಷ ವರ್ಷ ಕಣ್ಣು ಉಜ್ಜೋ ಮಕ್ಕಳ ಪಟ್ಟಿಯನ್ನ ಶಿಕ್ಷಕರು, ವಾರ್ಡನ್ ಮೊದಲೇ ಅವರ ಕೈಗೆ ಕೊಡಲಿ.

ಮಗುವಿಗೆ ನೋವು, ಮಂಜು, ಕರಿಗುಡ್ಡೆ ಮೇಲೆ ಬಿಳಿ ಕಲೆ ಕಂಡ್ರೆ ಕಾಯಬೇಡಿ, ಅವತ್ತೇ ತುಮಕೂರು ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ಮಿಂಟೋಗೋ ಕರ್ಕೊಂಡು ಹೋಗಿ. ಹೋಗುವಾಗ ಮನೇಲಿರೋ ಡ್ರಾಪ್ಸ್ ಬಾಟ್ಲಿಗಳನ್ನೆಲ್ಲ, ಖಾಲಿಯಾಗಿದ್ರೂ ಸರಿ, ಒಂದು ಕವರಿಗೆ ಹಾಕ್ಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.